ಭಾರ ಬಿದ್ದ ಮೇಲೆ

ಬ್ಯಾಂಕಿನ ಹರಾಜಿನಲ್ಲಿ ಮೂರನೇ ಕೂಗಿಗೆ
ನಾನೊಬ್ಬಳೇ ಉಳಿದಿದ್ದೆ.
ಎರಡೇ ಬಾಗಿಲು, ಎರಡೇ ಸೀಟು,
ಹೊಟ್ಟೆಗೂ ನೆಲಕ್ಕೂ ನಡುವೆ ಗೇಣಿಗಿಂತ ಕಡಿಮೆ.
ಬಣ್ಣ ಕಡುಹಸಿರು ಅಂತ ಕಾಗದದಲ್ಲಿತ್ತು,
ಒರೆಸಿದ ಮೇಲೆ ನಂಬಿದೆ.

ಜೀನ್ಸ್ ಹೊಲಿಸೋಳಿಗೆ ರೇಸು ಕಾರಂತೆ,
ಅಂದರು ಕೌಲ್ ಬಜಾರಿನವರು. ಅನ್ನಲಿ.
ಹದಿನಾರು ಮಿಷಿನ್ನು ಓಡಿಸುತ್ತೇನೆ,
ಸೂಜಿ ಮುರಿಯುವ ಮುಂಚಿನ ಸದ್ದು ನನಗೆ ಗೊತ್ತು.

ಅದಕ್ಕೇ ಕೇಳಿಸಿತು, ರೈಲ್ವೆ ಗೇಟು ದಾಟುವಾಗ
ಎಡಗಡೆ ಮುಂದಿನ ಗಾಲಿಯಲ್ಲಿ, ಟಕ್.
ಹಳಿ ಇಳಿಯುವಾಗ ಇನ್ನೊಮ್ಮೆ.
ಒಣಗಿದ ಹುಣಸೆಕಾಯೊಳಗೆ ಬೀಜ ಅಲ್ಲಾಡಿದ ಹಾಗೆ.

ಯರ್ರಿಸ್ವಾಮಿ ಜಾಕ್ ಕೊಟ್ಟ, ಗಾಲಿಯ ನೆತ್ತಿ ಬುಡ ಹಿಡಿದು ಜಗ್ಗಿದ.
"ಶಾಕಬ್ಸರ್ ಎಣ್ಣಿ ಎಲ್ಲಾ ಕಕ್ಕೈತೆ ವನ್ನೂರಕ್ಕ.
ಬಾಲ್ ಜಾಯಿಂಟು ಹಾಲುಹಲ್ಲು ಆಗೈತೆ.
ಬುಶ್ ಅಂತೂ..."
ಮಾತು ಬಿಟ್ಟು, ನೀನೇ ನೋಡು ಅಂತ ಹಲಗೆ ಸರಿಸಿದ.

ಮಲಗಿದೆ. ನನ್ನದೇ ಕಾರ್ಖಾನೆಯ ರಿಜೆಕ್ಟ್ ಪ್ಯಾಂಟು, ಚಿಂತೆಯಿಲ್ಲ.
ಟಾರ್ಚಿನ ಬೆಳಕಿಗೆ
ಹರಿದ ರಬ್ಬರಿನ ತುಟಿಗಳ ನಡುವೆ ಕೆಂಪು ಧೂಳು,
ಎಣ್ಣೆ ಕುಡಿದು ಇಟ್ಟಿಗೆಯಷ್ಟು ಗಟ್ಟಿ.

ಅದಿರು.
ಹದಿನೈದು ವರ್ಷದ ಹಿಂದಿನದು. ಆಗ ಸಂಡೂರು ರಸ್ತೆಯ
ಲಾರಿ ಸಾಲಿಗೆ ತಲೆ ಯಾವುದು, ಬಾಲ ಯಾವುದು, ಕಂಡವರಿಲ್ಲ.
ಬೆಳಗ್ಗೆ ಒಣಹಾಕಿದ ಬಿಳಿ ಅಂಗಿ ಸಂಜೆಗೆ ಕೆಂಪು.
ಯರ್ರಿಸ್ವಾಮಿ ರಾತ್ರಿಗೆ ಹನ್ನೊಂದು ಲಾರಿಗೆ ಕಮಾನು ಪಟ್ಟಿ ಕಟ್ಟುತ್ತಿದ್ದ.
ಆ ಸಾಲಿನ ಪಕ್ಕದಲ್ಲೇ ಗುಂಡಿ ತಪ್ಪಿಸುತ್ತ
ಯಾರೋ ಇದನ್ನು ಹಾರಿಸಿಕೊಂಡು ಹೋಗಿದ್ದಾನೆ.
ಎಲ್ಲಿಗೆ, ಅಷ್ಟು ಅವಸರ?
ಮೂರನೇ ಗೇರು ಬೇಡುವ ರಸ್ತೆ ನಮ್ಮಲ್ಲಿ ಎಲ್ಲಿತ್ತು?
ಸೀಟಿನ ಮುಂದಿನ ಕಪಾಟಿನಲ್ಲಿ ಹರಿದ ಸಿನಿಮಾ ಚೀಟಿ,
ಜೋಡಿಯಿಲ್ಲದ ಒಂದು ಓಲೆ.
ಚೀಟಿ ಎಸೆದೆ.

ಶಾಕಬ್ಸರ್ ಚೆನ್ನೈಯಿಂದ ಬಂತು.
ಬಾಲ್ ಜಾಯಿಂಟು ಯಾವುದೋ ವ್ಯಾನಿನದು, ಹೇಗೋ ಕೂತಿತು.
ಬುಶ್ ಮಾತ್ರ ಎಲ್ಲೂ ಇಲ್ಲ.
"ಮಾಡಿದ ಕಂಪನೀನೇ ಮರ್ತೈತೆ ಮೇಡಂ," ಅಂದಿತು ಫೋನು.

ಮಾಬುಸಾಬರ ಲೇತಿಗೆ ಹೋದೆವು.
ಅಳೆದರು. ಬೀಡಿ ಆರಿತು. ಮತ್ತೆ ಅಳೆದರು.
ಮೂಲೆಯಿಂದ ಎಳೆದದ್ದು ಕನ್ವೇಯರ್ ಬೆಲ್ಟಿನ ತುಂಡು,
ಮುಚ್ಚಿದ ಗಣಿಯದು, ಗುಜರಿಯಲ್ಲಿ ತೂಕಕ್ಕೆ ತಂದದ್ದು.
"ಗುಡ್ಡ ಹೊತ್ತ ರಬ್ಬರು ತಾಯಿ. ನಿನ್ನ ಗಾಡಿ ಯಾವ ಲೆಕ್ಕ?"
ಅದಿರು ಹರಿದದ್ದಕ್ಕೆ ಅದಿರು ಹೊತ್ತದ್ದೇ ತೇಪೆ.
ಇದು ನನ್ನ ಮಾತಲ್ಲ, ಐಟಿಐ ಮುಗಿಸಿದ ಗಾದಿಲಿಂಗನದು.
ಹೇಳಿ, ತಾನೇ ನಕ್ಕು, ಚಾ ತರಲು ಹೋದ.

ಸ್ಪ್ರಿಂಗು ಹಿಂಡುವಾಗ ಯಾರೂ ಮಾತಾಡಲಿಲ್ಲ.

ಎಲ್ಲ ಕೂತಿತು. ಪಾನ ಹಿಡಿದು ಬಿಗಿಯಲು ಹೊರಟೆ.
"ತಡಿಯಕ್ಕ. ಗಾಳಿಯಾಗ ತೂಗ್ತಿರುವಾಗ ಬಿಗಿ ಮಾಡಬಾರದು.
ನೆಲಕ್ಕಿಳಿಲಿ, ಭಾರ ಬೀಳಲಿ, ಎಲ್ಲಿ ನಿಲ್ತೈತೋ ಅಲ್ಲಿ ಬಿಗಿ.
ಇಲ್ಲಾಂದ್ರೆ ನಿಂತಲ್ಲೇ ತಿರುಚಿಕೊಂಡು ಹರೀತೈತೆ.
ಹಿಂದೆ ಕಟ್ಟಿದೋನು ಅದೇ ಮಾಡ್ಯಾನೆ."

ಪಕ್ಕದ ಲಾರಿ ಶೆಡ್ಡಿನ ಗುಂಡಿಯ ಮೇಲೆ ತಳ್ಳಿ ನಿಲ್ಲಿಸಿದೆವು.
ಸಾಲದು, ಇಬ್ಬರ ಭಾರ ಬೇಕು ಅಂದ.
ನಾನು ಕೂತೆ. ಪಕ್ಕದ ಸೀಟಿಗೆ
ನಾಳೆ ಹೋಗಬೇಕಿದ್ದ ಪ್ಯಾಂಟುಗಳ ಎರಡು ಗಂಟು.
ಕೆಳಗೆ ಕತ್ತಲಲ್ಲಿ ಕಿರ್ ಕಿರ್, ಒಂದು ನಿಟ್ಟುಸಿರು, ಮತ್ತೆ ಕಿರ್.
ಸ್ಟೇರಿಂಗು ಹಿಡಿದು, ಎಲ್ಲೂ ಹೋಗದೆ ಕೂತಿದ್ದೆ.
ಸುಮ್ಮನೆ ಭಾರವಾಗಿರು ಅನ್ನುವ ಕೆಲಸವನ್ನು
ಈವರೆಗೆ ಯಾರೂ ನನಗೆ ಕೊಟ್ಟಿರಲಿಲ್ಲ.

ಸಂಜೆ ಗೇಟು ಹಾಕಿತ್ತು.
ಅದಿರಿನ ರೈಲು, ಐವತ್ತೆಂಟು ಡಬ್ಬಿ, ಎಣಿಸಿದೆ.
ಗೇಟು ಎದ್ದಿತು. ಮೊದಲ ಹಳಿ.
ಎರಡನೆಯದು.
ಕಪಾಟಿನಲ್ಲಿ ಓಲೆ ಮಾತ್ರ
ಒಮ್ಮೆ ಸದ್ದು ಮಾಡಿತು.